ಹೋರಿ ಬೆನ್ನು ಹತ್ತಿದ ವರ್ಷ

ನಾ ಕರದೆ, ಹೋರಿ ನಿಂತಿತು. ಆದದ್ದು ಇಷ್ಟ. ಇದಕ್ಕ ಮಂದಿ ಏನೇನೋ ಕಥಿ ಕಟ್ಯಾರ. ಹೋರಿಗೆ ಕಣ್ಣು ಹತ್ತಿತ್ತು ಅಂತ ಒಬ್ಬಾಂವ ಹೇಳ್ತಾನ, ಹಿಂಡಿಯೊಳಗ ಯಾರೋ ಏನೋ ಕಲಿಸಿ ಹಾಕಿದ್ರು ಅಂತ ಇನ್ನೊಬ್ಬಾಂವ. ಯಾರೂ ಏನೂ ಹಾಕಿಲ್ಲ. ಬಾಯಿ ನಂದು, ಕೂಗು ನಂದು. ನಾಳೆ ಹಂತಾದ್ದ ಹೊತ್ತು ಮತ್ತ ಬಂದ್ರೂ ಕರೀತೇನಿ.

ಮೊನ್ನೆ ನನ್ನ ಮಗ ಶಿವಪ್ಪ ಕಬ್ಬಿಣದ ಗೇಟಿಗೆ ಹಚ್ಚಾಕಂತ ಬಣ್ಣದ ಡಬ್ಬಿ ತಗದ. ಆ ಎಣ್ಣಿಬಣ್ಣದ ವಾಸನಿ ಪಡಸಾಲಿಗೆ ಬರೂದ ತಡ, ಕುಂತಾಕಿ ಎದ್ದೆ. ಎದ್ದು ಎಲ್ಲಿಗೆ ಹೋಗೂದು ಅಂತ ಗೊತ್ತಿಲ್ಲ. ಅಂಗಳಕ್ಕ ಹೋದೆ, ಹಿತ್ತಲಕ್ಕ ಹೋದೆ, ನೀರ ಕುಡದೆ, ಮತ್ತ ಅಂಗಳಕ್ಕ ಬಂದೆ. ಆ ವರ್ಷ ದೀಪಾವಳಿಯಿಂದ ಸಂಕ್ರಾಂತಿ ತನಕ ಹಲಗೇರಿಯ ನಮ್ಮ ಮನ್ಯಾಗ ಇದ ವಾಸನಿ. ಹೋರಿಯ ಕೋಡಿಗೆ ಬಣ್ಣ ಹಚ್ಚೂದು, ಅದು ಆರೂದರೊಳಗ ಟೆಂಪೋ ಹತ್ತಿಸೂದು, ಮನಿಮಂದಿಯೆಲ್ಲಾ ಅದರ ಹಿಂದಿಂದ ಊರೂರು ತಿರಗೂದು. ಕುಂತು ಉಂಡದ್ದು ಕಡಿಮಿ. ನಿಂತು ಉಂಡದ್ದ ಭಾಳ.

ಹೋರಿ ಹಬ್ಬ ಅಂದ್ರ ನಮ್ಮ ಕಡೆ ಎಲ್ಲಾರಿಗೂ ಗೊತ್ತು, ಬ್ಯಾರೆ ಕಡೆಯವರಿಗೆ ಹೇಳಬೇಕಾಗತೈತಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಸಣ್ಣಸಣ್ಣ ಊರಾಗೆಲ್ಲಾ ದೀಪಾವಳಿ ಆದಮ್ಯಾಲ ಒಂದೊಂದು ದಿನ ಒಂದೊಂದು ಊರಿನ ಹಬ್ಬ. ಹೋರಿಗೆ ಜೂಲ ಹೊದಿಸಿ, ಕೋಡಿಗೆ ಬಲೂನು ಕಟ್ಟಿ, ಕೊಳ್ಳಿಗೆ ಒಣಕೊಬ್ಬರಿ ಬಟ್ಟಲದ ಹಾರ ಹಾಕಿ ಓಡಾಕ ಬಿಡತಾರ. ಎರಡೂ ಕಡೆ ಗಂಡಸರು ನಿಂತಿರತಾರ. ಮೈಮ್ಯಾಲ ಬಿದ್ದು ಹಾರ ಹರಕೊಂಡ್ರ ಹರದಾಂವ ಗೆದ್ದ, ಹಾರ ಅವಂದ. ಯಾರ ಕೈಗೂ ಸಿಗದ ಆಚೀ ಗೆರಿ ದಾಟಿತಂದ್ರ ಹೋರಿ ಗೆದ್ದಂಗ. ಹಾರ ಪೋಣಸೂದು ನೂಲಿನ ದಾರದಾಗ. ಕೈ ಹಾಕಿ ಜಗ್ಗಿದ್ರ ಪಟ್ಟನ ಹರೀಬೇಕು. ಇದು ಯಾರೂ ಬರದಿಟ್ಟ ಕಾಯ್ದೆ ಅಲ್ಲ, ನಮ್ಮ ಮಾವನ ಕಾಲದಿಂದ ಹಿಂಗ ನಡಕೊಂತ ಬಂದದ್ದು.

ನಮ್ಮ ಹೋರಿ ಸಾಕಿದಾಕಿ ನಾನು. ಕರು ಇದ್ದಾಗ ಅದರ ತಾಯಿ ಹಾವು ಕಡದು ಸತ್ತಿತು. ಶಿವಪ್ಪ ಕೊಟ್ಟುಬಿಡೂನು ಅಂದ. ಬ್ಯಾಡ ಅಂದು ನಾ ಬಾಟಲಿ ಹಾಲು ಕುಡಿಸಿದೆ, ಮೊಮ್ಮಗಳು ಪೂಜಾನ ಹಳೇ ಬಾಟಲಿ. ಹಾಲಿನ ಹೊತ್ತಿಗೆ 'ಹೋಯ್ ಬಾ, ಬಸ್ಯಾ ಬಾ' ಅಂತ ಕರೀತಿದ್ದೆ, ಓಡಿ ಬರತಿತ್ತು. ಬೆಳದು ಆನಿಯಂಗ ಆದ ಮ್ಯಾಲೂ ಅದ ಚಾಳಿ. ಶಿವಪ್ಪ ಮತ್ತು ಅವನ ಗೆಳ್ಯಾರು ಅದಕ್ಕ 'ಹಲಗೇರಿ ಬಿರುಗಾಳಿ' ಅಂತ ಹೆಸರಿಟ್ಟು, ಅದರ ಮಾರಿ ಅಚ್ಚು ಹಾಕಿಸಿದ ಅಂಗಿ ಹೊಲಿಸಿಕೊಂಡು ತಿರಗತಿದ್ರು. ಬಿರುಗಾಳಿ ಅಂತ ಕರದ್ರ ಅದು ಕಿವಿ ಸುದ್ದಾ ಅಲ್ಲಾಡಸ್ತಿರಲಿಲ್ಲ. ಬಸ್ಯಾ ಅಂದ್ರ ಗೂಟ ಕಿತ್ತುಕೊಂಡು ಬರತಿತ್ತು.

ಅದಕ್ಕ ನನ್ನನ್ನ ಕರಕೊಂಡು ಹೋಗತಿದ್ರು, ನನ್ನ ಮ್ಯಾಲಿನ ಪ್ರೀತಿಗಲ್ಲ. ಬ್ಯಾರೆಯವರ ಹೋರಿ ಗೆರಿ ದಾಟಿ ಯಾರದೋ ಹೊಲ ಹೊಕ್ಕು ಹೋಗಿಬಿಡತಾವ, ಅವುನ್ನ ಹುಡುಕಾಕ ಬೈಕ್ ಹಾಕ್ಕೊಂಡು ಮಂದಿ ಸಂಜೀತನಕ ತಿರಗತಾರ. ನಮಗ ಆ ತ್ರಾಸ ಇರಲಿಲ್ಲ. ಗೆರಿಯಿಂದ ಆಚೆ ನನ್ನ ನಿಂದ್ರಸತಿದ್ರು. ಹೋರಿ ದಾಟಿದ ಕೂಡಲೇ ನಾ ಕರೀತಿದ್ದೆ, ಅದು ಬಂದು ನನ್ನ ಸೆರಗಿನಾಗ ಮೂತಿ ಇಡತಿತ್ತು. ಶಿವಪ್ಪ ಪ್ರತೀಸಲ ಬೆರಳು ತೋರಿಸಿ ಹೇಳತಿದ್ದ, ಗೆರಿ ದಾಟೂ ತನಕ ತುಟಿ ಬಿಚ್ಚಬಾರದು ಅಂತ. ನಡುವ ಕರದ್ರ ಅಲ್ಲೇ ನಿಂತುಬಿಡತೈತಿ, ನಿಂತ ಹೋರಿ ಹಿಡದ ಹೋರಿ ಲೆಕ್ಕ.

ಮೊದಲ ಹೋದದ್ದು ಐರಣಿ ಕಡೆ. ಹೊಳ್ಯಾಗ ಹೋರಿಯ ಮೈ ತೊಳದ್ವಿ. ನೀರು ತಣ್ಣಗ ಕೊರೀತಿತ್ತು, ಹಿಂಗಾರಿ ಮಾಡ ಮ್ಯಾಲ ತೂಗಾಡತಿತ್ತು, ಇವತ್ತ ಸುರೀತೈತೋ ನಾಳೆ ಸುರೀತೈತೋ ಅನ್ನೂ ಹಂಗ. ಸೊಸಿ ಗಿರಿಜಾಗ ಹೋರಿ ಮ್ಯಾಲ ಕಣ್ಣಿಲ್ಲ, ಮಾಡದ ಮ್ಯಾಲ ಕಣ್ಣು. ಮನ್ಯಾಗಿನ ಗೋಂಜಾಳದ ಕಾಳು ಪೂರಾ ಡಾಂಬರು ರಸ್ತೆ ಮ್ಯಾಲ ಒಣಾಕ ಹಾಕಿ ಬಂದಿದ್ವಿ. ತೊಯ್ದ್ರ ಮೊಳಕಿ ಒಡೀತಾವ, ಬೂಸರ ಬರತೈತಿ. ಹೊಳಿಯಿಂದ ಮ್ಯಾಲ ಬರೂದರೊಳಗ ಆಕಿ ಬಾಜೂ ಮನಿಯಾಕಿಗೆ ಫೋನ್ ಹಚ್ಚಿ ತಾಡಪತ್ರಿ ಎಳದೀಯಾ ಅಂತ ಎಷ್ಟ ಸಲ ಕೇಳಿದ್ಲೋ. ಅವತ್ತು ಮಳಿ ಬರಲಿಲ್ಲ. ಬಸ್ಯಾ ಒಂದ ಉಸರಿಗೆ ಗೆರಿ ದಾಟಿ ಬಂತು. ಶಿವಪ್ಪನ ಗೆಳ್ಯಾರು ಅವನ್ನ ಹೆಗಲ ಮ್ಯಾಲ ಹೊತ್ತು ಕುಣದ್ರು. ಓಡಿದ್ದು ಹೋರಿ, ಹೊತ್ತದ್ದು ಇವನ್ನ.

ಅಲ್ಲಿಂದ ಅವನ ಕಾಲು ನೆಲಕ್ಕ ಹತ್ತಲಿಲ್ಲ. ಬ್ಯಾಡಗಿ ಕಡೆಯ ಒಂದು ಊರಿಗೆ ಹೋಗೂವಾಗ ಮೆಣಸಿನಕಾಯಿ ಚೀಲದ ಗಾಡಿಗಳ ನಡುವ ನಮ್ಮ ಟೆಂಪೋ ಸಿಕ್ಕೊಂಡು ನಿಂತಿತು. ಘಾಟು ಎಷ್ಟಿತ್ತಂದ್ರ ಡ್ರೈವರ ಕಣ್ಣಾಗ ನೀರು. ಬಸ್ಯಾ ಸೀನಿ ಸೀನಿ ಹಲಗಿ ಒದ್ದು ಮುರೀತು. ನಾ ಸೆರಗು ತೊಯಿಸಿ ಅದರ ಮೂಗಿಗೆ ಹಿಡದು ನಿಂತೆ, ಊರು ದಾಟೂ ತನಕ. ಅಲ್ಲಿ ಓಡಿ ಮುಗಿಯೂದರೊಳಗ ಇಲ್ಲಿ ಹಲಗೇರಿಯೊಳಗ ಮಳಿ ಸುರೀತು. ಅವತ್ತು ಗಿರಿಜಾ ಬಂದಿರಲಿಲ್ಲ, ಒಬ್ಬಾಕಿ ತಾಡಪತ್ರಿ ಎಳದು, ಗಾಳಿಗೆ ಹಾರಿದ್ದನ್ನ ಕಲ್ಲು ಹೇರಿ ಹಿಡದಿಟ್ಟಿದ್ಲು. ನಾವು ಬಂದಾಗ ಹಿಂದಿನ ಬಾಗಲದಾಗ ಸೀರಿ ಹಿಂಡಾಕತ್ತಿದ್ಲು. ಗಂಡಗ ಒಂದ ಮಾತಂದ್ಲು, ಹೋರಿ ತೊಯ್ದಿಲ್ಲಲ್ಲ ಅಂತ. ಅಂವ ಅದನ್ನ ಖರೇನ ಕಾಳಜಿ ಅಂತ ತಿಳಕೊಂಡು ಇಲ್ಲಬಿಡು ಅಂದ. ನನ್ನ ಮಗ ಹಿಂತಾಂವ.

ಇನ್ನ ನಿಂಗರಾಜನ ಮಾತು ಹೇಳಬೇಕು. ಇಂವ ಗಿರಿಜಾನ ತಮ್ಮ, ಗುತ್ತಲದ ಹತ್ತರ ಇರಾಂವ. ಹೋರಿ ಹಿಡಿಯೂದ್ರಾಗ ಆ ಕಡೆಲ್ಲಾ ಹೆಸರು ಮಾಡಿದಾಂವ. ದೀಪಾವಳಿಗೆ ಅಕ್ಕನ್ನ ಕರ್ಯಾಕ ಬಂದಿದ್ದ. ಹೆಂಡತಿ ರೇಣುಕಾ ಹಡದು ಇನ್ನೂ ಹಸೀ ಬಾಣಂತಿ, ಗಂಡು ಕೂಸು. ಆ ಸಂತೋಷದಾಗ ಅವನ ಬಾಯಿ ಸ್ವಲ್ಪ ಉದ್ದಾಗಿತ್ತು. ಉಣ್ಣಾಕ ಕುಂತಾಗ ನಕ್ಕೊಂತ, ಮಾಮಾ ನಿಮ್ಮ ಹೋರಿ ಓಡೂದಲ್ಲ, ಬೀಗರ ಮನೀದಂತ ನಾವ ಬಾಜೂಕ ಸರದು ದಾರಿ ಬಿಡತೇವಿ ಅಂದ. ಶಿವಪ್ಪ ತುತ್ತು ಕೆಳಗಿಟ್ಟ. ನಿಮ್ಮೂರ ಕಡೆ ಬಂದಾಗ ಕೈ ಹಾಕು, ಕೈ ಉಳಿದ್ರ ಮಾತಾಡೂನು ಅಂದ. ಚ್ಯಾಷ್ಟಿ ಅಲ್ಲಿಗೆ ಮುಗೀತು. ಗಿರಿಜಾ ಎರಡೂ ತಾಟಿಗೆ ಹೋಳಿಗಿ ಹಾಕಿದ್ಲು, ಇಬ್ಬರೂ ಮುಟ್ಟಲಿಲ್ಲ. ಅವತ್ತಿನಿಂದ ಮಾತಿಲ್ಲ. ಗಿರಿಜಾ ತವರಿಗೆ ಫೋನ್ ಮಾಡಬೇಕಾದ್ರ ಹಿತ್ತಲಕ್ಕ ಹೋಗಿ ಮಾಡತಿದ್ಲು. ನಾ ಇಬ್ಬರಿಗೂ ಹೇಳಿದೆ, ನೀವು ಹೋರಿಗಿಂತ ಕಡಿ ಅಂತ. ಕೇಳಲಿಲ್ಲ.

ಸಂಕ್ರಾಂತಿ ಸಮೀಪ ಗುತ್ತಲದ ಆಚೆ ಒಂದು ಸಣ್ಣೂರಿನ ಹಬ್ಬ. ಆ ವರ್ಷದ ಕಡೀ ಓಟ. ಹಿಂದಿನ ದಿನ ಶಿವಪ್ಪ ಕೋಣ್ಯಾಗ ಬಾಗಲ ಹಾಕ್ಕೊಂಡು ಕುಂತು ತಾನ ಹಾರ ಪೋಣಿಸಿದ. ಬ್ಯಾರೆ ಸಲ ಪೂಜಾ ಪೋಣಸತಿದ್ಲು. ಆಕಿ ಬಾಗಲ ಬಡದು, ಅಪ್ಪಾ ನಾ ಮಾಡತೇನಿ ಅಂದ್ರ ಬ್ಯಾಡ ನೀ ಓದು ಅಂದ. ಅಂವ ಮಗಳಿಗೆ ಓದು ಅಂದದ್ದು ನಾ ಅದ ಮೊದಲ ಕೇಳಿದ್ದು.

ಮುಂಜಾನೆ ಇಬ್ಬನಿ ಬಿದ್ದು ರಸ್ತೆ ಕಾಣವಲ್ದಾಗಿತ್ತು. ಪೂಜಾ ಟೆಂಪೋ ಹತ್ತಿದ್ಲು, ಅವತ್ತು ಗಿರಿಜಾನೂ ಬಂದ್ಲು. ನನ್ನ ತವರ ಸೀಮಿ, ನಾ ಬರಾಕಿ ಅಂದ್ಲು. ಟೆಂಪೋದಾಗ ಹೋರಿಗೆ ಹಸೀ ಮೇವು ಕೊಯ್ದು ಹಾಕಾಕ ಕುಡಗೋಲು ಬಾಜೂಕ ಇಟ್ಟುಕೊಂಡಿದ್ಲು. ಊರು ಹತ್ತರ ಬಂದಾಗ ಮೈಕಿನ ಸಪ್ಪಳ ಕೇಳಿತು, ಆಗ ನನ್ನ ಕಡೆ ಹೊಳ್ಳಿ, 'ಅತ್ತಿ, ಇವತ್ತು ಇಬ್ಬರಾಗ ಒಬ್ಬರಿಗೆ ಏನರ ಆತಂದ್ರ ನಾ ಯಾ ಮನ್ಯಾಗಿರಲಿ?' ಅಂದ್ಲು. ಬಸ್ಯಾನ ಬಲೂನು ಸರಿ ಮಾಡು ಅಂತ ಕೆಲಸ ಹೇಳಿದೆ.

ಓಣಿಯಿಂದ ಹೊಲದ ತನಕ ದಾರಿ. ಎರಡೂ ಕಡೆ ಮಂದಿ, ಮಾಳಗಿ ಮ್ಯಾಲ ಮಂದಿ, ಟ್ರ್ಯಾಕ್ಟರ್ ಮ್ಯಾಲ ಮಂದಿ. ಹೊಲದ ಬಾಯಿಗೆ ಬೇಲಿ ಕಲ್ಲುಕಂಬ ಸಾಲಾಗಿದ್ದವು, ಅದಕ್ಕ ಹತ್ತಿಕೊಂಡು ಗೆರಿ ಹಾಕಿದ್ರು. ನಾ ಗೆರಿಯ ಆಚೆ ನಿಂತೆ. ನಿಂತೆ ಅಂದ್ರ ನಿಂತಿಲ್ಲ, ಈ ಕಾಲ ಮ್ಯಾಲಿಂದ ಆ ಕಾಲ ಮ್ಯಾಲ ಹೊಯ್ದಾಡತಿದ್ದೆ. ಬ್ಯಾರೆಯವರ ಹೋರಿ ಬಂದವು, ಹೋದವು. ಆಮ್ಯಾಲ ಮೈಕಿನಾಗ ಬಿರುಗಾಳಿ ಹೆಸರು ಕೂಗಿದ್ರು.

ಬಸ್ಯಾ ಓಣಿ ತಿರುವಿನಾಗ ಕಾಣಿಸಿತು. ಕೆಂಪು ಅಂಗಿಯಾಂವ ಒಬ್ಬ ಜಿಗದ, ನೋಡಿದ್ರ ನಿಂಗರಾಜ. ಕೊಳ್ಳಿಗೆ ಕೈ ಹಾಕಿದ, ಹಾರ ಕೈಯಾಗ ಸಿಕ್ಕಿತು, ಜಗ್ಗಿದ. ಹರಿಯಲಿಲ್ಲ. ಇನ್ನೊಮ್ಮೆ ಜಗ್ಗಿದ. ಹರಿಯಲಿಲ್ಲ. ಹೋರಿ ಓಡಿಕೊಂತ ಬರಾಕತ್ತಿತ್ತು, ಅಂವ ಅದರ ಕೊಳ್ಳಿಗೆ ಜೋತು ಬಿದ್ದಿದ್ದ. ಮಂದಿ ಸೀಟಿ ಹೊಡೀತಿತ್ತು. ಮೈಕಿನಾಂವ, ನೋಡ್ರಿ ಪೈಲ್ವಾನನ ಹಿಡತ, ಬಿಡವಲ್ಲ ನೋಡ್ರಿ ಅಂತಿದ್ದ. ನಾ ಕಾಲು ನೋಡಿದೆ. ಹಿಡಕೊಂಡಾವನ ಕಾಲು ನೆಲಾ ಹುಡಕತಾವ, ಒಂದು ಹೆಜ್ಜಿ ಊರಿ ಇನ್ನೊಂದು ಎತ್ತತಾವ. ಇವನ ಕಾಲು ಹುಡಕತಿರಲಿಲ್ಲ. ಮಣ್ಣಾಗ ಗೀರು ಎಳಕೊಂತ ಹಿಂದಿಂದ ಬರತಿದ್ದವು. ಬಿಡವಲ್ಲ ಅಂತಲ್ಲ, ಬಿಡಿಸಿಕೊಳ್ಳಾಕ ಆಗವಲ್ದು. ಕೈ ಹಾರದಾಗ ಸಿಕ್ಕು ಸುತ್ತಿಕೊಂಡಿತ್ತು.

ಗೆರಿ ಇನ್ನೂ ದೂರ. ಗೆರಿ ಬಾಜೂಕ ಕಲ್ಲುಕಂಬ. ಹೋರಿ ಯಾವಾಗಲೂ ಕಂಬಕ್ಕ ಒರಸಿಕೊಂಡ ದಾಟೂದು, ಆ ಮಗ್ಗಲದಾಗ ಇಂವ. ಶಿವಪ್ಪ ಆಚೆ ದಂಡ್ಯಾಗ ಓಡಿ ಬರಾಕತ್ತಿದ್ದ. ನನ್ನ ನೋಡಿ ಬಾಯಿ ಮ್ಯಾಲ ಕೈ ಇಟ್ಟು ತೋರಿಸಿದ, ಕರೀಬ್ಯಾಡ ಅಂತ. ಅದನ್ನ ನಾ ನೋಡಿದೆ. ನೋಡಲಿಲ್ಲ ಅಂತ ಹೇಳಿದ್ರ ಸುಳ್ಳಾಗತೈತಿ.

ಗೆರಿ ದಾಟಿ ಒಳಗ ನಡದು ಹೋಗಿ, ಹೋಯ್ ಬಾ ಬಸ್ಯಾ ಬಾ ಅಂದೆ. ಅಷ್ಟು ಗದ್ಲದಾಗ ನನಗ ನನ್ನ ದನಿ ಕೇಳಲಿಲ್ಲ. ಅದಕ್ಕ ಕೇಳಿತು. ನಾಕು ಕಾಲೂ ಊರಿ ಮಣ್ಣು ಕೆದರಿ ನಿಂತಿತು. ಬುಸುಬುಸು ಅನ್ನಕೊಂತ ಬಂದು ನನ್ನ ಸೆರಗಿಗೆ ಮೂತಿ ಹಚ್ಚಿತು. ಬಾಜೂಕ ನಿಂಗರಾಜ ಮೊಣಕಾಲ ಮ್ಯಾಲ ಕುಸದು ಬಿದ್ದಾನ, ಕೈ ಮಾತ್ರ ಮ್ಯಾಲ, ಹೋರಿ ಕೊಳ್ಳಾಗ.

ಹೆಣ್ಮಕ್ಕಳು ಆ ದಾರಿಯೊಳಗ ಕಾಲಿಡೂದಿಲ್ಲ. ನಾ ಇಟ್ಟಿದ್ದೆ, ಈಗ ಗಿರಿಜಾ ಕುಡಗೋಲು ಹಿಡಕೊಂಡು ಓಡಿ ಬಂದ್ಲು. ಮಂದಿ ಹೋರಿಗೆ ಹೊಡಿಯಾಕ ಬಂದ್ಲು ಅಂತ ಸರದು ನಿಂತಿತು. ಆಕಿ ತಮ್ಮನ ಕೈ ಹಿಡದು, ದಾರ ಹುಡುಕಿ ಕೊಯ್ದಳು. ಒಂದ ಏಟಿಗೆ ಕೊಯ್ಯಲಿಲ್ಲ ಅದು. ಗರಗಸದಂಗ ತಿಕ್ಕಿದ್ಲು. ಹಾರ ಕೆಳಗ ಬಿದ್ದಾಗ ನಾನೂ ನೋಡಿದೆ, ಆಕಿನೂ ನೋಡಿದ್ಲು, ನಿಂಗರಾಜನೂ ನೋಡಿದ. ನೂಲಿನ ದಾರ ಅಲ್ಲ. ನೀಲಿ ನೈಲಾನ್ ದಾರ, ನಾವು ಗೋಂಜಾಳ ಚೀಲದ ಬಾಯಿ ಕಟ್ಟೂವಂಥಾದ್ದು. ಕೊಬ್ಬರಿ ಸಂದ್ಯಾಗ ಕಾಣಬಾರದಂತ ಅದರ ಮ್ಯಾಲ ಶಿವಪ್ಪ ಹಳದಿ ನೂಲು ಸುತ್ತಿದ್ದ.

ಮೈಕಿನಾಂವ ಬಂದು ಹೋರಿ ಹಿಡದಾಂವ ನಿಂಗರಾಜ ಅಂತ ಕೂಗಿ, ಹಾರ ಎತ್ತಿ ಅವನ ಹೆಗಲಿಗೆ ಹಾಕಾಕ ಹೋದ. ನಿಂಗರಾಜನ ಬಲಗೈ ಮಣಿಕಟ್ಟಿನ ತೊಗಲು ಸುಲದು ರಕ್ತ ಸೋರತಿತ್ತು, ಭುಜ ಜೋತು ಬಿದ್ದಿತ್ತು. ಎಡಗೈಲೆ ಹಾರ ದೂಡಿದ.

'ನಾ ಹರದಿಲ್ಲ. ಅತ್ತಿ ಕರದ್ಲು, ನಮ್ಮಕ್ಕ ಕೊಯ್ದಳು. ಇದು ನಂದಲ್ಲ' ಅಂದ.

ದಾರದ ಮಾತು ಎತ್ತಲಿಲ್ಲ. ಎತ್ತಿದ್ರ ಅಲ್ಲೇ ನಮ್ಮ ಟೆಂಪೋಕ್ಕ ಬೆಂಕಿ ಹಚ್ಚತಿತ್ತು ಮಂದಿ, ಅದು ಅವಂಗೂ ಗೊತ್ತು. ಕೊಯ್ದ ನೀಲಿ ತುದಿ ಕಾಣತಿತ್ತು, ಅದರ ಮ್ಯಾಲ ಕಾಲಿಟ್ಟು ನಿಂತ. ಅವನ ಊರವರು ಬಂದು ಅವನ್ನ ದವಾಖಾನಿಗೆ ಕರಕೊಂಡು ಹೋದ್ರು. ಶಿವಪ್ಪನೂ ಹಾರ ಮುಟ್ಟಲಿಲ್ಲ, ಹೋರಿ ಕೊಳ್ಳಿಂದ ಇಳದದ್ದು ಹೋರಿಯವರು ಒಯ್ಯೂದಿಲ್ಲ ಅಂದ. ಗುತ್ತಲದವರು ಬ್ಯಾಡ ಅಂದ್ರು, ಹಲಗೇರಿಯವರು ಬ್ಯಾಡ ಅಂದ್ರು. ಚೊಲೋ ಕೊಬ್ಬರಿ ಮಣ್ಣಾಗ ಬಿದ್ದಿತ್ತು. ನಾ ಎತ್ತಿ ಚೀಲದಾಗ ಹಾಕ್ಕೊಂಡೆ.

ಹೊಳ್ಳಿ ಬರೂವಾಗ ಅಂಗಿಯ ಮ್ಯಾಲ ಹೋರಿ ಮಾರಿ ಇದ್ದ ಗೆಳ್ಯಾರು ಯಾರೂ ನಮ್ಮ ಟೆಂಪೋ ಹತ್ತಲಿಲ್ಲ. ಪೂಜಾ ತನ್ನ ಮೊಬೈಲಿನಾಗ ಏನೋ ಓದಿ ಮುಖ ಹೊಳ್ಳಿಸಿದ್ಲು. ಏನು ಅಂದೆ. ಆಗಲೇ ಯಾರೋ ವಿಡಿಯೋ ಹಾಕ್ಯಾರ ಆಯಿ, ಕೆಳಗ ಮುದುಕಿ ಮಾಡಿದ ಮೋಸ ಅಂತ ಬರದಾರ ಅಂದ್ಲು. ಮುದುಕಿ ಅನ್ನೂದು ಖರೇ ಐತಿ ಅಂದೆ.

ಮನಿ ಮುಟ್ಟಿ ಹೋರಿ ಕಟ್ಟಿದ ಮ್ಯಾಲ ಶಿವಪ್ಪ ನನ್ನ ಎದುರಿಗೆ ಬಂದು ನಿಂತ. ಮಂದಿಯೊಳಗ ನನ್ನ ಮಾನ ತಗದಿ ನೀ, ಹಡದಾಕಿ ಆಗಿ, ಅಂದ.

'ನಿನ್ನ ಮಾನ ನೈಲಾನ್ ದಾರದಾಗ ಪೋಣಿಸಿಟ್ಟೀಯಲ್ಲ, ಅದೇನು ಹರಿಯೂದಿಲ್ಲ ಬಿಡು' ಅಂದೆ.

ಅಂವ ಗಿರಿಜಾನ ಕಡೆ ನೋಡಿದ. ನನಗ ಗೊತ್ತಾದದ್ದು ಆಕಿಗೂ ಗೊತ್ತೈತೇನು ಅಂತ ನೋಡಿದ್ದು. ಆಕಿ ಕುಡಗೋಲು ಗೋಡಿಗೆ ಸಿಗಿಸಾಕತ್ತಿದ್ಲು. ಎಲ್ಲಾರೂ ಹಾಕತಾರ, ನಾ ಒಬ್ಬಾಂವೇನು ಅಂದ ಅಂವ, ಸಣ್ಣ ದನಿಯೊಳಗ.

'ಎಲ್ಲಾರೂ ಹಾಕಿದ ದಾರದಾಗ ನನ್ನ ತಮ್ಮ ಸಿಕ್ಕಿಲ್ಲ. ನೀವು ಹಾಕಿದ್ದರಾಗ ಸಿಕ್ಕ. ನಾಳೆ ನಾ ಹೋಗತೇನಿ. ಹೊಳ್ಳಿ ಬರೂದು ಅಲ್ಲಿಗೆ ಹೋದ ಮ್ಯಾಲ ನೋಡತೇನಿ' ಅಂದ್ಲು ಗಿರಿಜಾ.

ಆಕಿ ಜಗಳ ಮಾಡಿ ಹೇಳಿದ್ರ ನಾ ಚಿಂತಿ ಮಾಡತಿರಲಿಲ್ಲ. ಸೊಸಿ ಬಂದಾಗಿಂದ ನೋಡೇನಿ, ದನಿ ಏರಿಸಿದ್ದು ಸಂಜೀತನಕ ಇಳೀತೈತಿ. ಇದು ಇಳದ ದನಿಯೊಳಗ ಹೇಳಿದ್ದು.

ಬಸ್ಯಾ ಮುಂದ ಓಡಲಿಲ್ಲ. ಈಗ ಜೋಡಿ ಕಟ್ಟಿ ಹೊಲದಾಗ ಎಡಿ ಹೊಡಸತೇವಿ, ಮೊದಮೊದಲ ನೊಗ ಕಂಡ್ರ ಕುಣೀತಿತ್ತು, ಈಗ ರೂಢಿ ಆಗೇತಿ. ಬಿರುಗಾಳಿ ಅಂಗಿಗೋಳು ಓಣ್ಯಾಗ ಯಾರ್ಯಾರದೋ ಮನ್ಯಾಗ ನೆಲಾ ಒರಸತಾವ. ಅದಿರಲಿ, ಮರುದಿನದ್ದು ಹೇಳಿ ಮುಗಸತೇನಿ.

ಮರುದಿನ ಮುಂಜಾನೆ ಎದ್ದು ಚೀಲದಾಗಿನ ಹಾರ ತಗದೆ. ಪಡಸಾಲ್ಯಾಗ ಕುಂತಿದ್ದ ಶಿವಪ್ಪನ ಮುಂದ ಒಗದೆ. ಬಿಚ್ಚು ಅಂದೆ. ಯಾಕ ಅಂದ. ನೀ ಕಟ್ಟಿದ ಗಂಟು ಯಾರಿಗೂ ಬಿಚ್ಚಾಕ ಬರೂದಿಲ್ಲ, ನೀನ ಬಿಚ್ಚು ಅಂದೆ. ಒಂದೊಂದು ಬಟ್ಟಲಕ್ಕ ಎರಡೆರಡು ಗಂಟು ಹಾಕಿದ್ದ. ಉಗರು ಹಾಕಿ, ಹಲ್ಲು ಹಾಕಿ ಬಿಚ್ಚಿದ. ಕೊಬ್ಬರಿ ತೊಳದು ಒರಸಿ ತುರದೆ. ಗಿರಿಜಾ ಅರಿವಿ ಗಂಟು ಕಟ್ಟೂದು ಬಿಟ್ಟು ಬಂದು ನೋಡಿದ್ಲು, ತುಪ್ಪ ಕಾಯಾಕಿಟ್ಟು ಅಂಟು ಹುರದ್ಲು. ಉತ್ತತ್ತಿ ಕುಟ್ಟಿದ್ಲು. ಬೆಲ್ಲ ಹಾಕಿ ಬಿಸಿ ಇರೂವಾಗಲೇ ಅಂಟಿನುಂಡಿ ಕಟ್ಟಿದ್ವಿ, ನಿಂಗರಾಜನ ಮನೀ ಬಾಣಂತಿಗೆ. ಗಂಡಸರು ಬ್ಯಾಡಂದ ಕೊಬ್ಬರಿ, ರೇಣುಕಾ ಎಂದೂ ಬ್ಯಾಡ ಅಂದಿರಲಿಲ್ಲ, ಆಕೀನ ಯಾರೂ ಕೇಳಿರಲೂ ಇಲ್ಲ.

ಡಬ್ಬಿ ಅರಿವ್ಯಾಗ ಸುತ್ತಿ ನಾನೂ ಗಿರಿಜಾನೂ ರಸ್ತೆಗೆ ಹೋಗಿ ನಿಂತ್ವಿ. ಗುತ್ತಲದ ಕಡೆಯ ಬಸ್ಸು ಬಂತು, ಮುಂದಿನ ಬಾಗಲದಾಗ ಹತ್ತಿ ಕುಂತ್ವಿ. ಹಿಂದಿನ ಬಾಗಲದಾಗ ಯಾರೋ ಹತ್ತಿದ ಸಪ್ಪಳಾತು. ನಾ ಹೊಳ್ಳಿ ನೋಡಲಿಲ್ಲ, ಗಿರಿಜಾ ನೋಡಿದ್ಲು, ನೋಡಿ ಕಿಡಕಿ ಕಡೆ ಮುಖ ಮಾಡಿದ್ಲು. ಕಂಡಕ್ಟರ್ ಬಂದು ಎಷ್ಟು ಮಂದಿ ಅಂದ. ಹೆಣ್ಮಕ್ಕಳು ಇಬ್ಬರು, ಪುಕ್ಕಟೆ ಚೀಟಿ ಕೊಡು ಅಂದೆ. ಹಿಂದ ನಿಂತ ನನ್ನ ಮಗಂದು ಅವನ ಹಂತೇಕ ಕೇಳು, ಎಲ್ಲೀತನಕ ಬರತಾನ ಅನ್ನೂದು ತಾನ ಹೇಳಲಿ ಅಂದೆ.